ಹಿಂದಿನ ಸೀಟಿನಲ್ಲಿ ಐದನೆಯದು

ಪಂಕ್ಚರ್ ನನ್ನ ಅನ್ನ. ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ನನ್ನ ಮಾತಿನ ತೂಕ ನೀವೇ ನೋಡಿಕೊಳ್ಳಿ.
ಕೀಟ್‌ಮನ್ಸ್‌ಹೂಪ್‌ನಿಂದ ಹೊರಬೀಳುವ ರಸ್ತೆಯಲ್ಲಿ
ತಗಡಿನ ಮಾಡು, ಒಂದು ಕಂಪ್ರೆಸರ್, ನೀರಿನ ತೊಟ್ಟಿ,
ಗೋಡೆಗೆ ಒರಗಿದ ಸತ್ತ ಟೈರುಗಳು.
ಅಷ್ಟೇ ನಾನು.

ಡೊರ್ಕಾಸ್ ಗೊಲಿಯಾಥ್ ಬಂದದ್ದು ಮಂಗಳವಾರ,
ಗಾಳಿ ಹಲ್ಲಿನ ಸಂದಿಗೂ ಮರಳು ತುಂಬುತ್ತಿದ್ದ ಮಧ್ಯಾಹ್ನ.
ವಿಂಡ್‌ಹುಕ್‌ನಲ್ಲಿ ಕೊಂಡ ಮೂರನೇ ಕೈಯ ಜರ್ಮನ್ ಕಾರು;
ನಾಲ್ಕೂ ರನ್‌ಫ್ಲ್ಯಾಟ್, ನಾಲ್ಕೂ ಸವೆದು ಬೋಳು.
ಕೆಲಸ, ಪಿಯಾನೋಗಳಿಗೆ ಶ್ರುತಿ ಹಿಡಿಸುವುದು.
ಬೆಥಾನಿಯ ಚರ್ಚು, ಬೆರ್ಸೆಬಾದ ಶಾಲೆ,
ಕುರಿ ಸಾಕುವ ಮುದುಕಿಯರ ಹಜಾರಗಳು,
ನಡುವೆ ಬರಿಯ ಜಲ್ಲಿ.

"ಅದೇ ಹಾಕಲೋ, ಮಾಮೂಲಿಯದೋ?" ಅಂದೆ.
"ವ್ಯತ್ಯಾಸ ಹೇಳು, ಫ್ರಾನ್ಸ್ ಮಾವ. ಮಾರುವವನ ಹಾಗಲ್ಲ."

ಹೇಳಿದೆ. ರನ್‌ಫ್ಲ್ಯಾಟಿನ ಪಕ್ಕೆ ದಪ್ಪ,
ಗಾಳಿ ಪೂರ್ತಿ ಹೋದರೂ ಕಾರನ್ನು ಹೊರುತ್ತದೆ,
ಎಂಬತ್ತರ ವೇಗದಲ್ಲಿ ಎಂಬತ್ತು ಕಿಲೋಮೀಟರ್.
ಕತ್ತಲಲ್ಲಿ ಒಬ್ಬಳೇ ಇಳಿಯಬೇಕಿಲ್ಲ, ಮಂಡಿಯೂರಬೇಕಿಲ್ಲ.
ಆದರೆ ಜಲ್ಲಿಯಲ್ಲಿ ಬೆನ್ನುಮೂಳೆ ಒಂದೊಂದಾಗಿ ಎಣಿಸಿಕೊಳ್ಳುತ್ತೀ.
ಬರಿದಾಗಿ ಒಮ್ಮೆ ಓಡಿತೋ, ನಾನು ತೇಪೆ ಹಾಕುವುದಿಲ್ಲ,
ಎಸೆಯಬೇಕು. ಬೆಲೆಯೂ ಒಂದೂವರೆ ಪಟ್ಟು.
ಮಾಮೂಲಿಯದು ಮೆತ್ತಗೆ, ಅಗ್ಗ,
ಮೊಳೆ ಕಂಡರೆ ಹೆದರುತ್ತದೆ,
ಚುಚ್ಚಿದರೆ ಚುಚ್ಚಿದಲ್ಲೇ ಕುಕ್ಕರಿಸುತ್ತದೆ.

ಮೆತ್ತಗಿನದನ್ನು ಕೊಂಡರೆ ಮತ್ತೆ ಮತ್ತೆ ಬರುತ್ತಾಳೆ.
ಹಾಗಾಗಿ ನನ್ನ ನಾಲಿಗೆ ಯಾವ ಕಡೆ ವಾಲುತ್ತಿದೆಯೆಂದು
ನನಗೇ ಸರಿಯಾಗಿ ತಿಳಿಯಲಿಲ್ಲ.

"ಎಂಬತ್ತಾದ ಮೇಲೆ?" ಅಂದಳು.
ಎಂಬತ್ತಾದ ಮೇಲೆ ಮುಳ್ಳುಕಂಟಿ, ಬಬೂನು, ಮತ್ತೆ ಮುಳ್ಳುಕಂಟಿ.
ಈ ಟೈರು ಮಾಡಿದವನ ಊರಲ್ಲಿ
ಅಷ್ಟರೊಳಗೆ ಹತ್ತು ಗ್ಯಾರೇಜು ಸಿಗುತ್ತಿರಬೇಕು.

ಆಮೇಲೆ ಒಂದು ವಿಚಿತ್ರ ಮಾಡಿದಳು.
ಎರಡು ಬಗೆಯವನ್ನೂ ರಿಮ್ಮಿಗೆ ಹಾಕಿಸಿ, ಗಾಳಿ ತುಂಬಿಸಿ,
ಬೆರಳ ಗೆಣ್ಣಿನಿಂದ ತಟ್ಟಿದಳು,
ಕಲ್ಲಂಗಡಿ ಕೊಳ್ಳುವವಳ ಹಾಗೆ ಕಿವಿ ಹಚ್ಚಿ.
"ಅರ್ಧ ಇಳಿಸು."
ಇಳಿಸಿದೆ.
"ಪೂರ್ತಿ."
ಮೆತ್ತಗಿನದು ಪ್ರತಿ ಸಲವೂ ಒಂದೊಂದು ಮೆಟ್ಟಿಲು ಕೆಳಗಿಳಿದು
ಗೊಣಗಿತು.
ದಪ್ಪ ಪಕ್ಕೆಯದು, ತುಂಬಿದ್ದಾಗಲೂ ಧಬ್, ಬರಿದಾದಾಗಲೂ ಧಬ್.

"ನಮ್ಮಣ್ಣ ಹೀಗೇ," ಅಂದಳು.
"ಆಸ್ಪತ್ರೆಯ ಗೇಟಿನವರೆಗೂ ತಾನೇ ಗಾಡಿ ಓಡಿಸಿಕೊಂಡು ಹೋದ."

"ಅದಕ್ಕೇ ದೀಪವಿದೆಯಲ್ಲ, ಗಾಳಿ ಇಳಿದರೆ ಹಳದಿ ದೀಪ."
"ಕೊಂಡ ದಿನದಿಂದ ಉರಿಯುತ್ತಿದೆ, ಮಾವ.
ನಾನೂ ಅದೂ ಹೊಂದಿಕೊಂಡಿದ್ದೇವೆ."

ಮಾಮೂಲಿಯವೇ ಹಾಕಿದೆ. ಜ್ಯಾಕ್ ಇಡುವ ಜಾಗ ತೋರಿಸಿದೆ.
"ಎದುರುಬದುರು ಬಿಗಿ, ಒಂದೇ ಸಲಕ್ಕಲ್ಲ" ಅನ್ನುವಷ್ಟರಲ್ಲಿ
ಅವಳ ಮಣಿಕಟ್ಟು ಕಾಲು ಸುತ್ತು ತಿರುಗಿ, ತುಸು ಹಿಂದೆಗೆದು,
ಮತ್ತೆ ಕೂದಲೆಳೆಯಷ್ಟು ಮುಂದೆ ಹೋಗಿ ನಿಂತಿತ್ತು.
ಮೂವತ್ತು ವರ್ಷ ನಾನು ಒದ್ದು ಬಿಗಿಸಿದ್ದು ಇದೇ ಬೋಲ್ಟನ್ನು.

ಐದನೆಯದಕ್ಕೆ ಈ ಕಾರಿನಲ್ಲಿ ಗುಂಡಿಯೇ ಇಲ್ಲ.
ಡಿಕ್ಕಿಯ ತುಂಬ ಅವಳ ಕೀಲಿಗಳು, ಉಣ್ಣೆಪಟ್ಟಿ, ತಂತಿಯ ಸುರುಳಿ.
ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದೆವು,
ಅಜ್ಜಿಯನ್ನು ಕರೆದೊಯ್ಯುವಂತೆ.

ಎರಡು ತಿಂಗಳಾಯಿತು. ಫೋನು ಬಂದಿಲ್ಲ.
ಚುಚ್ಚಿಲ್ಲವೋ, ಚುಚ್ಚಿಯೂ ನಾನು ಬೇಕಾಗಲಿಲ್ಲವೋ,
ಅಂಗಡಿಯ ಲೆಕ್ಕದಲ್ಲಿ ಎರಡೂ ನಷ್ಟವೇ.
ಮಾರದೆ ಉಳಿದ ಆ ದಪ್ಪ ಪಕ್ಕೆಯದನ್ನು
ಗಿರಾಕಿಯಿಲ್ಲದ ಹೊತ್ತಲ್ಲಿ ತಟ್ಟುತ್ತೇನೆ.
ಧಬ್.
ಕಿವಿಯನ್ನು ಇನ್ನಷ್ಟು ಹತ್ತಿರ ಒಯ್ಯುತ್ತೇನೆ.