ನನಗೆ ಹೇಳಬೇಡಿ

ಹಾಸನದ ತಾಲ್ಲೂಕು ಕಚೇರಿ ಎದುರಿನ ಸಂದಿಯಲ್ಲಿ
ಆರಡಿ ಅಗಲದ ನನ್ನ ಅಂಗಡಿ.
ಒಂದು ಜೆರಾಕ್ಸು, ಒಂದು ಕಂಪ್ಯೂಟರು, ಎರಡು ಸ್ಟೂಲು,
ಗಲ್ಲಾದೊಳಗೆ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ.
ಹನ್ನೊಂದು ವರ್ಷದಿಂದ ಜನರ ಪಾಸ್‌ವರ್ಡುಗಳೆಲ್ಲ
ನನ್ನ ಕಾಗೆಕಾಲು ಅಕ್ಷರದಲ್ಲಿ ಅದರ ತುಂಬ.
"ನಮ್ಗೆಲ್ಲಿ ಗ್ಯಾನ ಇರ್ತದೆ, ನೀನೇ ಬರ್ಕಳವ್ವ."

ಬರೆದುಕೊಂಡೆ.
ಸಣ್ಣತಾಯಮ್ಮನ ಪಿಂಚಣಿ ಖಾತೆಗೆ
ಕೆಂಪಿ ಒಂದು ಎರಡು ಮೂರು.
ಕೆಂಪಿಯನ್ನು ಮಾರಿ ನಾಲ್ಕು ವರ್ಷವಾದರೂ
ಕಂಪ್ಯೂಟರಿನೊಳಗೆ ಕಟ್ಟಿಹಾಕಿದಲ್ಲೇ ಇತ್ತು.
ನಿವೃತ್ತ ಲೈನ್‌ಮನ್ ಬೋರಲಿಂಗಯ್ಯನದು ಒಂದು ಹೆಂಗಸಿನ ಹೆಸರು,
ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಡತಿಯದಲ್ಲ.
ಚುಕ್ಕಿ ಚುಕ್ಕಿಯಾಗಿ ಒತ್ತಿದೆ, ಯಾರ ಮುಖವನ್ನೂ ನೋಡಲಿಲ್ಲ.
ನರ್ಸಿಂಗ್ ಓದುವ ಹುಡುಗಿ ಮಾತ್ರ ವರ್ಷಕ್ಕೆರಡು ಸಲ ಬದಲಿಸುವಳು,
ಪ್ರತಿ ಸಲವೂ ಸ್ವಲ್ಪ ಅತ್ತು.

ಉಳಿದವರಿಗೆಲ್ಲ ಒಂದೇ. ಅದೇ ಬ್ಯಾಂಕಿಗೆ, ಅದೇ ಗ್ಯಾಸಿಗೆ,
ಅದೇ ಮೇಲಿಗೆ, ಅದೇ ಸೀರೆ ತರಿಸುವ ಆ್ಯಪಿಗೆ.

ಬಿತ್ತನೆ ಗಡ್ಡೆ ಜಲಂಧರದಿಂದ ಲಾರಿಯಲ್ಲಿ ಬಂದಿಳಿಯುವ ವಾರ
ಆಲೂಗಡ್ಡೆ ಮಂಡಿಯ ಷಡಕ್ಷರಪ್ಪ
ನಾನು ಶಟರು ಎತ್ತುವ ಮೊದಲೇ ನಿಂತಿದ್ದರು.
ಚಪ್ಪಲಿ ಮಾರುವ ಯಾವುದೋ ಆ್ಯಪು ಎಲ್ಲೋ ಒಡೆದು
ಅಲ್ಲಿ ಸೋರಿದ್ದು ಇವರ ಮೇಲಿನ ಬಾಗಿಲು ತೆರೆದು
ಮೇಲು ಮಿಕ್ಕ ಬಾಗಿಲನ್ನೆಲ್ಲ ತೆರೆದು
ಮಂಡಿ ಖಾತೆಯಲ್ಲಿ ಉಳಿದದ್ದು ನೂರ ಹದಿನಾರು ರೂಪಾಯಿ.
ಬ್ಯಾಂಕಿಗೆ ಓಡಿದೆವು, ಠಾಣೆಯಲ್ಲಿ ಬರೆದುಕೊಟ್ಟೆವು.
ಸಂಜೆ ಅವರು ಕೇಳಿದ್ದು ದುಡ್ಡಿನ ಮಾತಲ್ಲ.
"ಇಂದ್ರಾಣಿ, ಅವನ್ಯಾವನೋ ಕಳ್ಳ,
ನನ್ನ ಮಗಳನ್ನ ಹೆಸರು ಹಿಡಿದು ಹೆಂಗೆ ಕರೆದ?"

ಮಗಳ ಹೆಸರು, ಅವಳು ಹೋದ ಇಸವಿ.
ಅದನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಪುಸ್ತಕದಿಂದ ಹೋದದ್ದಲ್ಲ. ಆದರೂ
ಆ ರಾತ್ರಿ ಗಲ್ಲಾದ ಬೀಗವನ್ನು ಮೂರು ಸಲ ಜಗ್ಗಿ ನೋಡಿದೆ.
ಟೀ ಕೊಡಲು ಬಂದವರು ಎಷ್ಟು ಜನ
ಈ ಗಲ್ಲಾಕ್ಕೆ ಒರಗಿ ನಿಂತಿದ್ದಾರೋ!

ಹದಿನೈದು ದಿನ ಕೂತು ಕಲಿತೆ, ಪಾಸ್‌ವರ್ಡ್ ಮ್ಯಾನೇಜರು.
ಗುಟ್ಟುಗಳನ್ನೆಲ್ಲ ಕಲಸಿ ಬೀಗ ಹಾಕಿಡುವ ತಿಜೋರಿ.
ಬಾಗಿಲಿಗೊಂದರಂತೆ ಕೀಯನ್ನೂ ಅದೇ ಅರೆದು ಕೊಡುತ್ತದೆ,
ಕ್ಯೂ ಏಳು ಡಾಲರು ಸಣ್ಣ ವಿ ದೊಡ್ಡ ಎಕ್ಸು ಸೊನ್ನೆ,
ಹೀಗೆ ಇಪ್ಪತ್ತು.
ಅದರಲ್ಲಿ ದನವಿಲ್ಲ, ಹೆಂಗಸಿಲ್ಲ, ಇಸವಿಯಿಲ್ಲ,
ಯಾವ ತಾಯಿಯೂ ಯಾರನ್ನೂ ಹಾಗೆ ಊಟಕ್ಕೆ ಕೂಗಿಲ್ಲ.
ಕಾವಲಿಗೆ ಅಂಥದ್ದೇ ಸರಿ.

ನೆನಪಿಡಬೇಕಾದ್ದು ತಿಜೋರಿಯ ಮಾತೊಂದೇ,
ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಐದಾರು ಪದ.
"ಅದ್ನೂ ನೀನೇ ಇಟ್ಕೊಡವ್ವ" ಅಂದರು ಸಣ್ಣತಾಯಮ್ಮ.
ಇಲ್ಲ. ನನಗೆ ಹೇಳಬೇಡಿ.
ಗೋಡೆಗೆ ಮುಖ ಮಾಡಿ ನಿಂತೆ,
ಕ್ಯಾಲೆಂಡರಿನ ಅಮಾವಾಸ್ಯೆಗಳನ್ನು ಎಣಿಸುತ್ತ.
ಬೆನ್ನ ಹಿಂದೆ ಮೂರನೇ ಕ್ಲಾಸು ಓದಿದ ಒಂದು ಬೆರಳು
ಅಕ್ಷರ ಹುಡುಕುತ್ತಿತ್ತು, ಟಕ್,
ತುಂಬ ಹೊತ್ತಿನ ಮೇಲೆ ಇನ್ನೊಂದು ಟಕ್,
ನಡುವೆ ಒಂದು ಸಲ ಕಿಸಕ್ಕನೆ ನಗು.
ಏನಿಟ್ಟಿರಬಹುದು? ಇವತ್ತಿಗೂ ತಲೆ ಕೆರೆಯುತ್ತದೆ.

ಬೋರಲಿಂಗಯ್ಯ ಎರಡೇ ವಾರಕ್ಕೆ ಮರೆತು ಬಂದರು.
ತಿಜೋರಿ ಯಾರ ಮುಲಾಜಿಗೂ ಬಗ್ಗುವುದಿಲ್ಲ,
ಮೊದಲಿನಿಂದ ಶುರು, ಒಂದೊಂದೇ ಬಾಗಿಲು.
ಈ ಸಲ ಚೀಟಿ ಬರೆದು ಮನೆಯ ಟ್ರಂಕಿನಲ್ಲಿಟ್ಟು
ಟ್ರಂಕಿನ ಕೀಯನ್ನು ಹೆಂಡತಿಗೆ ಕೊಟ್ಟರಂತೆ.

ಭಾನುವಾರ ಪುಸ್ತಕವನ್ನು ಹಾಳೆ ಹಾಳೆ ಕಿತ್ತು
ಬಕೆಟ್ಟಿನ ನೀರಿನಲ್ಲಿ ಕಿವುಚುತ್ತಿದ್ದೆ.
ಕೈಯೆಲ್ಲ ನೀಲಿ.
ಷಡಕ್ಷರಪ್ಪ ಬಂದು, ತಮ್ಮ ಸಾಲೊಂದು ಬೇಕು ಅಂದರು.
ಕತ್ತರಿಸಿ ಕೊಟ್ಟೆ.
ಇಸವಿಯನ್ನು ಉಗುರಿನಿಂದ ಗೀರಿ ಹರಿದು
ಬಕೆಟ್ಟಿಗೆ ಹಾಕಿದರು.
ಉಳಿದದ್ದನ್ನು ಮಡಚಿ ಜೇಬಿಗಿಟ್ಟುಕೊಂಡು,
"ಈಗ ಎರಡು ಸೈಡು ಜೆರಾಕ್ಸು ಎಷ್ಟು?" ಅಂದರು.

ಮೂರು ರೂಪಾಯಿ, ಅಂದೆ.