ಎಂಜಲು ಹತ್ತಿ

ಬಣ್ಣಕ್ಕೆ ಹತ್ತಿದ ಕೊಳೆಗೆ ಎಂಜಲಿಗಿಂತ ಮದ್ದಿಲ್ಲ.
ಹೇಳಿದರೆ ನಗುತ್ತಾರೆ. ಶಿಕಾರಿಪುರದ ಹಳೇ ಕಚೇರಿಯ
ದಫ್ತರದ ಕೋಣೆಯಲ್ಲಿ ಹದಿನೇಳು ದಿನದಿಂದ
ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಒತ್ತಿ
ಅರಸನ ಮೋರೆ ಒರೆಸುತ್ತಿದ್ದೇನೆ.
ಕಾವಲಿನ ಹುಚ್ಚರಾಯಪ್ಪ ಮೊದಲ ದಿನ ನೋಡಿ
'ಎಂಜ್ಲು ಹಚ್ಚಿದ್ರೂ ಸುಮ್ಕಿದಾನಲ್ಲ, ಪುಣ್ಯಾತ್ಮ' ಅಂದ.

ಆರಡಿಗೆ ಒಂಬತ್ತಡಿ ಕಾಳಗ.
ಮೂಲೆಯಲ್ಲಿ ಕೆಂಪಗೆ: ಸೊರಬದ ಗುಡಿಗಾರ ಪರಮಯ್ಯ, ೧೮೮೧.
ಗಂಧದ ಕೊರಡು, ಬೆಂಡಿನ ಬಾಸಿಂಗ ಬಲ್ಲ ಕೈ.
ಎಣ್ಣೆಬಣ್ಣ ಅದಕ್ಕೆ ಹೊಸದು, ಯುದ್ಧ ಇನ್ನೂ ಹೊಸದು.
ಕುದುರೆಗಳಿಗೆಲ್ಲ ಎತ್ತಿನ ಕಣ್ಣು.
ಸಾಯುವ ಬಂಟ ಮಲಗಿದ್ದಾನೆ
ಉಂಡು ಜಗಲಿಗೆ ಒರಗಿದವನ ಹಾಗೆ.
ಪಕ್ಕದ ಮನೆಯವನನ್ನೇ ಕರೆದು ಮಲಗಿಸಿರಬೇಕು,
ಎಡಗಾಲಿನ ಹೆಬ್ಬೆರಳಲ್ಲಿ ಇನ್ನೂ ಬೇಸರ.
ಅರಸನ ಮೂಗಿನ ಮೇಲೆ ಮಾತ್ರ ಕನ್ನಡಕದ ಗುರುತು:
ದುಡ್ಡು ಕೊಟ್ಟ ಅಮಲ್ದಾರನ ಮೂಗು.
ಏಳುನೂರು ವರ್ಷ ಹಿಂದೆ ಹೋದರೂ
ಆ ಗುರುತು ಬಿಟ್ಟಿಲ್ಲ.

ನಡುವೆ ಧೂಳು. ಎರಡು ಮೊಳ ಬರೀ ಧೂಳು.
ಕೊಳೆ ಹತ್ತಿಗೆ ಬಂತು, ಧೂಳು ಬರಲಿಲ್ಲ,
ಅದು ಬಳಿದ ಧೂಳು.
ನಿನ್ನೆ ಸಂಜೆ ಕರೆಂಟು ಹೋಯಿತು. ಬ್ಯಾಟರಿ ಓರೆಗೆ ಹಿಡಿದೆ.
ಕಂದು ಬಣ್ಣದಡಿ ಉಬ್ಬಿತ್ತು
ಒಂದು ಕಿವಿ. ಕೊಂಬು. ಗಂಗೆದೊಗಲು.
ಹಾಲು ಬಿಟ್ಟು ತಿರುಗಿ ನೋಡುವ ಕರು.
ಎಣಿಸಿದೆ, ಹನ್ನೊಂದು.

ಹುಚ್ಚರಾಯಪ್ಪನಿಗೆ ಬೆರಗೇ ಇಲ್ಲ.
'ನಮ್ ಕೆರೆ ಏರಿ ಮೇಲಿನ ಕಲ್ಲಾಗೂ ಅವೇ ಇರಾದು.
ತುರು ಹೊಡ್ಕಂಡು ಹೊಂಟ್ರು, ಇವ್ನು ಅಡ್ಡ ನಿಂತ, ಸತ್ತ.
ಅರಸು ಎಲ್ಲಿ ಬಂದ ಅದ್ರಾಗೆ?'

ಪರಮಯ್ಯನೂ ಆ ಕಲ್ಲನ್ನೇ ನೋಡಿರಬೇಕು.
ಅಮಲ್ದಾರ ಬಂದು ನಿಂತು ಕೇಳಿರಬೇಕು:
ಹನ್ನೊಂದು ದನಕ್ಕೆ ಒಂಬತ್ತಡಿ ಬಟ್ಟೆಯೇನೋ?
ಧೂಳೆಬ್ಬಿಸು.
ಎಬ್ಬಿಸಿದ. ಕೆರೆದು ತೆಗೆಯಲಿಲ್ಲ.
ಕುದುರೆಗಳ ಕಣ್ಣನ್ನು ಮತ್ತೊಮ್ಮೆ ನೋಡಿದೆ.

ಸರ್ಕಾರಿ ಆದೇಶದಲ್ಲಿ 'ಸ್ವಚ್ಛಗೊಳಿಸತಕ್ಕದ್ದು' ಎಂದಷ್ಟೇ ಇದೆ.
ಅಲಗು ಪೆಟ್ಟಿಗೆಯಲ್ಲೇ ಇದೆ, ಅದರ ಮೇಲೆ ನನ್ನ ಊಟದ ಡಬ್ಬಿ.
ಹೊರಡುವಾಗ ಹುಚ್ಚರಾಯಪ್ಪ
ರಾತ್ರಿ ಪಾಳಿಗೆ ಬ್ಯಾಟರಿ ಕೇಳಿದ. ಕೊಟ್ಟೆ.
ಹೇಗೆ ಹಿಡಿಯಬೇಕೆಂದು ಅವನೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಬೆಳಿಗ್ಗೆ ಬಾಗಿಲಲ್ಲೇ ಕಾಯುತ್ತಿದ್ದ,
ನಿದ್ದೆಯಿಲ್ಲದ ಕೆಂಪು ಕಣ್ಣು:
'ಹನ್ನೊಂದಲ್ಲ ಮೇಡಮ್ಮ, ಹನ್ನೆರಡು.
ಒಂದು ಆ ಸಾಯಾನ ಬೆನ್ನ ಹಿಂದೆ
ಮಲಿಕ್ಕಂಡೈತೆ.'