ಹನ್ನೊಂದನೆಯ ತಿರುವು

ಏಪ್ರಿಲ್‌ನಲ್ಲಿ ಲೈಸೆನ್ಸು, ಮೇ ತಿಂಗಳಲ್ಲಿ ಎರಡು ಗಾಡಿ,
ಎರಡೂ ಯಾರೋ ಓಡಿಸಿ ಬಿಟ್ಟವು. ನನ್ನದು ಕೆಂಪು.
ಸ್ಲಾವ್ಕೊನದು ಕಾಗದದ ಮೇಲೆ ಬೂದು, ಬಿಸಿಲಿನಲ್ಲಿ ಏನೂ ಅಲ್ಲ.
ನನಗೆ ನಲವತ್ತೊಂಬತ್ತು, ಅವನಿಗೆ ಐವತ್ತೆರಡು.
ಕ್ರಾನ್ ಊರಿನ ಔಷಧಿ ಅಂಗಡಿಯಲ್ಲಿ ನನ್ನ ಬಿಳಿ ಕೋಟು
ಶುಕ್ರವಾರ ಸಂಜೆ ಮೊಳೆಗೆ ಬಿತ್ತೆಂದರೆ
ಸೋಮವಾರದವರೆಗೆ ನಾನು ಯಾರೋ.

ಅತ್ತೆ ಅಂದಳು: ಈ ವಯಸ್ಸಿಗೆ ಜನ ಜೇನು ಸಾಕುತ್ತಾರೆ.
ಅದನ್ನೂ ನೋಡಿದ್ದಾಗಿತ್ತು. ಕಚ್ಚಿದರೆ
ಅವಳ ಮಗ ಊದಿಕೊಳ್ಳುತ್ತಾನೆ.

ವರ್ಶಿಚ್ ಘಾಟಿಯಲ್ಲಿ ತಿರುವಿಗೊಂದು ಫಲಕ, ಫಲಕಕ್ಕೊಂದು ಸಂಖ್ಯೆ.
ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಏರಿದೆವು:
ಒಂದು. ಎರಡು.
ಮೂರರಲ್ಲಿ ಗೇರು ತಪ್ಪಿ ಎಂಜಿನ್ನು ಕೆಮ್ಮಿತು.
ತಿರುವು ಬಂದಲ್ಲಿ ಡಾಂಬರು ಮುಗಿದು ಕಲ್ಲುಹಾಸು,
ಹಳೇ ಕಲ್ಲು, ಬೆಳಗಿನ ಮಂಜಿಗೆ ಸೋಪು ಸವರಿದಂತೆ.

ಕಲಿಸಿದ ವೀದಾ ಒಂದೇ ಮಾತು ಹೇಳುತ್ತಿದ್ದಳು,
ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ,
ಹಳ್ಳ ನೋಡಿದರೆ ಹಳ್ಳ.
ಹನ್ನೊಂದರಲ್ಲಿ ನಾನು ನೋಡಿದ್ದು
ಒಂದು ಕುರಿ.

ಬಿದ್ದೆ ಅನ್ನಲಾರೆ.
ಮುದುಕ ಬೆಂಚಿಗೆ ಒರಗುವ ಹಾಗೆ ಗಾಡಿ ನಿಧಾನ ಒರಗಿತು,
ಜೊತೆಗೆ ನಾನೂ.
ಕುರಿ ಜರುಗಲಿಲ್ಲ. ಮೆಲುಕು ಹಾಕುತ್ತಲೇ ನೋಡಿತು.
ಪೆಟ್ರೋಲಿನ ವಾಸನೆ. ಮೊಣಕೈಯಲ್ಲಿ ಒಂದು ಗೀರು,
ಜಾಕೆಟ್ಟಿಗೆ ಮಾತ್ರ, ಮುನ್ನೂರ ಹತ್ತು ಯೂರೋದ ಜಾಕೆಟ್ಟು.
ಹೆಲ್ಮೆಟ್ಟಿನೊಳಗಿನ ಮಾತಿನ ಡಬ್ಬಿಯಲ್ಲಿ ಕೂಗಿದೆ: ಸ್ಲಾವ್ಕೊ!
ರಾತ್ರಿ ಅದಕ್ಕೆ ಚಾರ್ಜು ಹಾಕುವ ಸರದಿ
ನನ್ನದಾಗಿತ್ತು.

ಅವನ ಸದ್ದು ಮೇಲೆ ಮೇಲೆ ಹೋಯಿತು,
ಹನ್ನೆರಡು, ಹದಿಮೂರು,
ನೊಣದಷ್ಟಾಗಿ
ಇಲ್ಲವಾಯಿತು.

ಸೈಕಲ್ಲಿನ ಮುದುಕನೊಬ್ಬ ಬಂದ, ಎಪ್ಪತ್ತು ದಾಟಿದವ,
ಬಿಗಿ ಚಡ್ಡಿ, ಮೀನಖಂಡದಲ್ಲಿ ನರದ ಗಂಟು.
ಗಾಡಿಗೆ ಬೆನ್ನು ಕೊಡಮ್ಮ, ಮುಖ ಕೊಡಬೇಡ. ಕೂತು ಏಳು.
ಕೂತೆ. ಎದ್ದೆ. ನನ್ನ ಜೊತೆ ಇನ್ನೂರು ಕಿಲೋ ಎದ್ದಿತು.
ಎರಡು ಹೆರಿಗೆ ಕಂಡ ಸೊಂಟವನ್ನು
ಯಾರೂ ಇಷ್ಟು ನಂಬಿರಲಿಲ್ಲ.
ಹೆಸರು ಕೇಳುವಷ್ಟರಲ್ಲಿ ಪೆಡಲು ತುಳಿದು ಹೋಗಿಬಿಟ್ಟ.

ಇಪ್ಪತ್ತು ನಿಮಿಷ.
ಚಹಾದ ಥರ್ಮಾಸು ಅವನ ಗಾಡಿಯಲ್ಲಿ, ಬಯ್ಗುಳವೆಲ್ಲ ನನ್ನ ಬಳಿ.
ಆಮೇಲೆ ಮೇಲಿಂದ ಬೂಟಿನ ಸದ್ದು.
ನಡೆದು ಬರುತ್ತಿದ್ದಾನೆ!
ಹೆಲ್ಮೆಟ್ಟು ತಲೆಯಲ್ಲೇ ಇದೆ, ಚರ್ಮದ ಪ್ಯಾಂಟು ಕಿರುಗುಟ್ಟುತ್ತಿದೆ,
ಹದಿನೈದರಿಂದ ಹನ್ನೊಂದರವರೆಗೆ, ಕಂಕುಳಲ್ಲಿ ಥರ್ಮಾಸು.

"ಗಾಡಿ?"
"ಮೇಲಿದೆ."
"ತಿರುಗಿಸಿಕೊಂಡು ಬರೋದಲ್ವಾ?"
ಕುರಿಯನ್ನು ನೋಡಿದ. ರಸ್ತೆಯನ್ನು ನೋಡಿದ.
"ಇಳಿಜಾರಲ್ಲಿ ತಿರುಗಿಸೋಕೆ
ನನಗೆ ಬರಲ್ಲ, ನೇವೆಂಕಾ."

ಇಪ್ಪತ್ತಮೂರು ವರ್ಷ.
ಬಾಯ್ಲರು ಬಿಚ್ಚಿ ಮನೆಯೆಲ್ಲ ಕೆರೆ ಮಾಡಿದ ದಿನವೂ
ಬರಲ್ಲ ಅಂದವನಲ್ಲ.
ಬಯ್ಗುಳ ಎಲ್ಲಿಟ್ಟಿದ್ದೆನೋ, ಸಿಗಲಿಲ್ಲ.

ಹಿಂದೆ ಕೂರಿಸಿಕೊಳ್ಳುವಷ್ಟು ನಾನೂ ಕಲಿತಿರಲಿಲ್ಲ.
ಹಾಗಾಗಿ ಒಂದು ತಿರುವು ಹತ್ತಿ ನಿಲ್ಲುವೆ,
ಏದುಸಿರಲ್ಲಿ ಅವನು ಬಂದು ಸೇರುವನು, ಮತ್ತೊಂದು.
ಹದಿಮೂರರಲ್ಲಿ ಚಹಾ ಕುಡಿದೆವು.
ಹದಿನಾಲ್ಕರಲ್ಲಿ ಜರ್ಮನಿಯ ಹುಡುಗರ ಹಿಂಡು ಹಾರ್ನು ಹೊಡೆದು ಹಾದಾಗ
ಕೈ ಬೀಸಿದೆವು,
ನೋಟ ನೋಡಲೆಂದೇ ನಿಂತವರ ಹಾಗೆ.

ಹದಿನೈದರಲ್ಲಿ ಬೂದು ಗಾಡಿ ಬಂಡೆಯ ಪಕ್ಕ ಕಾದಿತ್ತು.
"ಮನೆಗೆ ಹೋಗೋಣವಾ?"
ಹೋಗಬಹುದಿತ್ತು, ಇಬ್ಬರಲ್ಲಿ ಒಬ್ಬರಿಗಾದರೂ
ತಿರುಗಿಸಲು ಬಂದಿದ್ದರೆ.
ತುದಿಯಲ್ಲಿ ಅಗಲ ಜಾಗ ಇದೆಯಂತೆ,
ಬಸ್ಸೇ ತಿರುಗುತ್ತದಂತೆ.

ಇನ್ನು ಒಂಬತ್ತು.
ಅವನು ಮುಂದೆ. ಹದಿನಾರು ಬರುವ ಮೊದಲೇ
ಕನ್ನಡಿಯಲ್ಲಿ ಅವನ ಕಣ್ಣು, ನನ್ನನ್ನೇ ಹುಡುಕುತ್ತಾ.
ರಸ್ತೆ ನೋಡು ಮಾರಾಯಾ, ಕೂಗಿದೆ,
ಡಬ್ಬಿ ಸತ್ತಿದ್ದು ಮರೆತು.